ಹೊಟ್ಟೆ ತುಂಬಿದ ಕೌದಿ

ಸೂಜಿ ಬೆರಳಿನ ಈ ಕಡೆ ಹೊಕ್ಕು ಆ ಕಡೆ ಬಂದಿತ್ತು. ನನಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಎದುರಿಗೆ ಕೂತಿದ್ದ ಪಕ್ಕದ ಮನೆಯ ಗುರುಬಾಯಿಗೆ. "ಯವ್ವಾ, ರಕ್ತ! ಕೈ ನೋಡ್ಕೋ ಬೇ!" ಎಂದು ಚೀರಿದಳು. ನೋಡಿದರೆ ಹಳದಿ ಬಟ್ಟೆಯ ಮೇಲೆ ಕೆಂಪು ಕಲೆ ಹರಡುತ್ತಿದೆ. ಸೂಜಿ ಕಿರುಬೆರಳಲ್ಲಿ ನೆಟ್ಟಗೆ ನಿಂತಿದೆ. ನಾನು ಅದನ್ನು ಕಿತ್ತು, ಬೆರಳನ್ನು ಬಾಯಲ್ಲಿಟ್ಟುಕೊಂಡು, ನಕ್ಕೆ. ಗುರುಬಾಯಿ ನಗಲಿಲ್ಲ.

ಅಫಜಲಪುರದ ನಮ್ಮ ಓಣಿಯಲ್ಲಿ ಕೌದಿ ಅಂದರೆ ಶಾಂತಾಬಾಯಿ, ಅಂದರೆ ನಾನು. ಹಳೇ ಸೀರೆ, ಧೋತರ, ಪರಕಾರ ಏನೇ ತಂದುಕೊಡಿ, ತುಂಡು ಮಾಡಿ ಜೋಡಿಸಿ ನಾಲ್ಕು ಹೆಂಗಸರು ನಾಲ್ಕು ಕಡೆ ಕೂತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಿದ್ದೆವು. ನಡುವೆ ಒಂದು ಗೇಣು ಬಿಡುವುದು. ಅದು ಕೌದಿಯ ಹೊಟ್ಟೆ. ಕೊನೆಗೆ ಹೋಳಿಗೆ ಮುರಿದು ಅರ್ಧವನ್ನು ಅದರೊಳಗಿಟ್ಟು ಹೊಲಿಯಬೇಕು, ಉಳಿದರ್ಧವನ್ನು ಕೌದಿ ಒಯ್ಯುವವರು ತಿನ್ನಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಾನೂ ನಂಬಿದ್ದೇನೆ, ಈಗಲೂ.

ಅಂದು ಹೊಲಿಯುತ್ತಿದ್ದದ್ದು ಮೊದಲ ಮೊಮ್ಮಗುವಿನ ಕೌದಿ. ಜೇವರ್ಗಿಗೆ ಕೊಟ್ಟ ನನ್ನ ಒಬ್ಬಳೇ ಮಗಳು ಕಸ್ತೂರಿ ಬಸುರಿಯಾಗಿದ್ದಳು. ಬಾಣಂತನಕ್ಕೆ ನಮ್ಮಲ್ಲಿಗೇ ಬರುವವಳಿದ್ದಳು.

ನನ್ನ ಕೈ ಬಗ್ಗೆ ನನಗೆ ಬಹಳ ಸೊಕ್ಕಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ತಿರುವುತ್ತಿದ್ದೆ, ಕುದಿಯುವ ಬೇಳೆಯ ಪಾತ್ರೆಯನ್ನು ಅರಿವೆಯಿಲ್ಲದೆ ಇಳಿಸುತ್ತಿದ್ದೆ. "ನಿಮ್ ಕೈ ಕಬ್ಬಿಣದ್ದು ಬಿಡ್ರಿ" ಎಂದು ಹೆಂಗಸರು ಅಂದರೆ ಉಬ್ಬಿಹೋಗುತ್ತಿದ್ದೆ. ಮೊಣಕೈ ಹತ್ತಿರ ಒಂದು ಬಿಳಚು ಮಚ್ಚೆ ಇತ್ತು. ಬಿಸಿಲಿಗೆ ಅಂದುಕೊಂಡಿದ್ದೆ.

ಚುಚ್ಚಿದ ಬೆರಳು ತೋರಿಸಲು ಹೋದಾಗ ಆಸ್ಪತ್ರೆಯಲ್ಲಿ ಡಾಕ್ಟರ್ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಅರಳೆಯ ಎಳೆಯಿಂದ ಮುಟ್ಟುತ್ತೇನೆ, ಮುಟ್ಟಿದಲ್ಲಿ ಬೆರಳಿಟ್ಟು ತೋರಿಸಿ ಎಂದರು. ಕಾದೆ. ಎಷ್ಟೋ ಹೊತ್ತು ಕಾದು, "ಸುರು ಮಾಡ್ರಿ, ಮನಿಯಾಗ ಕೆಲಸ ಅದ" ಎಂದೆ.

ಅವರು ಆಗಲೇ ಮುಟ್ಟಿ ಮುಗಿಸಿದ್ದರು.

ಚರ್ಮ ಕೊಂಚ ಕೆರೆದು ಸ್ಕಿನ್ ಸ್ಮಿಯರ್ ತೆಗೆದರು. ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಲೆಪ್ರಸಿ ಎಂದರು. ನಮ್ಮ ಕಡೆ ಅದನ್ನು ಯಾರೂ ಹೆಸರಿಟ್ಟು ಕರೆಯುವುದಿಲ್ಲ. ದೊಡ್ಡ ರೋಗ ಅನ್ನುತ್ತಾರೆ, ದನಿ ಸಣ್ಣದು ಮಾಡಿ. ಗಾಣಗಾಪುರದ ಗುಡಿಯ ದಾರಿಯಲ್ಲಿ ಬಟ್ಟೆ ಸುತ್ತಿದ ಕೈ ಚಾಚಿ ಕೂತವರನ್ನು ನಾನೂ ನೋಡಿದ್ದೆ. ಅವರ ತಟ್ಟೆಗೆ ದೂರದಿಂದಲೇ ಚಿಲ್ಲರೆ ಹಾಕಿದ್ದೆ. ಆ ತಟ್ಟೆಯ ಸಪ್ಪಳ ಆ ಕ್ಷಣ ಕಿವಿಯಲ್ಲಿ ಕೇಳಿಸಿತು.

"ಭಾಳ ಮುಂದ ಹೋಗಿಲ್ರಿ. ಟ್ರೀಟ್‌ಮೆಂಟ್ ಅದ. ಗುಳಗಿ ಸುರು ಆದ ಮ್ಯಾಲ ಯಾರಿಗೂ ಹತ್ತೂದಿಲ್ಲ," ಎಂದರು ಡಾಕ್ಟರ್. "ಆದ್ರ ಈ ಬೆರಳಿಗಿ ನೋವು ತಿಳಿಯೂದಿಲ್ಲ. ನಾ ಹೇಳೂತನ ಸೂಜಿ ಮುಟ್ಟಬ್ಯಾಡ್ರಿ."

ರೋಗದ ಹೆಸರು ಕೇಳಿ ಬಾರದ ಅಳು ಸೂಜಿಯ ಮಾತಿಗೆ ಬಂತು.

ಗುಳಿಗೆ ಪ್ಯಾಕೆಟ್ಟಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ಕೆಂಪು ಗುಳಿಗೆ ನುಂಗಿದ ದಿನ ಮೂತ್ರ ಕೆಂಪಾಗಿ ನನ್ನ ಜೀವವೇ ಬಾಯಿಗೆ ಬಂತು. ದಿನ ಕಳೆದಂತೆ ಗುಳಿಗೆಯಿಂದ ಮುಖವೂ ಕಪ್ಪಿಟ್ಟಿತು. ಉಣ್ಣುವ ಗಂಗಾಳ, ಕುಡಿಯುವ ಚರಿಗೆ ಬೇರೆ ಇಟ್ಟುಕೊಂಡೆ. ನಮ್ಮ ಮನೆಯವರು, ಕಸ್ತೂರಿಯ ಅಪ್ಪ, ನೋಡಿದರು. ಮರುದಿನ ನೋಡುತ್ತೇನೆ, ಎಲ್ಲ ಗಂಗಾಳ ಒಂದೇ ಕಡೆ ಸೇರಿಸಿಬಿಟ್ಟಿದ್ದಾರೆ. ಯಾವುದು ನನ್ನದು ಎಂದು ಹುಡುಕುವುದೇ ಆಯಿತು. "ಹುಡುಕ್ತಾ ಕೂಡು. ನಂಗ ಹಸಿವಿ ಆಗ್ಯಾದ," ಎಂದರು.

ಓಣಿಗೆ ಸುದ್ದಿ ಮುಟ್ಟಿತು. ಗುರುಬಾಯಿಗೆ ಹೊಲದ ಕೆಲಸ ಬಂತು, ಉಳಿದವರಿಗೆ ಸೊಂಟ ನೋವು ಬಂತು. ಕೌದಿ ಅರ್ಧಕ್ಕೇ ನಿಂತು ಮೂಲೆ ಸೇರಿತು. ಸಿಟ್ಟು ಬಂತು, ನಿಜ ಹೇಳುತ್ತೇನೆ. ಅವರ ಮನೆಯ ಎಷ್ಟು ಕೂಸುಗಳು ನನ್ನ ಹೊಲಿಗೆಯ ಮೇಲೆ ಮಲಗಿ ದೊಡ್ಡವಾಗಿದ್ದವು!

ಮನೆಯವರು ಜೇವರ್ಗಿಗೆ ಹೊರಟು ನಿಂತರು. ಬೀಗರಿಗೆ ಹೇಳಿಯೇ ಬರುತ್ತೇನೆ ಎಂದರು. ಬೇಡ ಎಂದು ಕೈಮುಗಿದೆ.

"ಮುಚ್ಚಿಟ್ಟು ಮಗಳನ್ನ ಕರ್ಯಾಕ ನನ್ ಕಡಿಂದ ಆಗೂದಿಲ್ಲ," ಎಂದರು.

ಸಂಜೆ ಬಸ್ಸಿಗೆ ವಾಪಸು ಬಂದರು. ಬೀಗತಿ ಮಹಾನಂದಾ ಏನಂದರು ಎಂದು ಕೇಳಿದರೆ, "ಚಾ ಕೊಟ್ರು. ಏನೂ ಅನ್ಲಿಲ್ಲ," ಎಂದರು. ಆ ಹೆಂಗಸು ಏನೂ ಅನ್ನಲಿಲ್ಲ ಅಂದರೆ! ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಚಪ್ಪರದ ತುಂಬ ಕೇಳುವಂತೆ ಅಂದವಳು ಆಕೆ. ಕಸ್ತೂರಿ ಇನ್ನು ಬರುವುದಿಲ್ಲ, ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ ಎಂದು ನಾನು ತಿಳಿದುಕೊಂಡೆ.

ಮರುದಿನ ಮನೆಯವರು ಕೌದಿ ಹಾಸಿ ತಾವೇ ಕೂತರು.

ಅವರ ಕೆಲಸ ಅಡತಿ ಅಂಗಡಿಯಲ್ಲಿ ತೊಗರಿ ಚೀಲದ ಬಾಯಿ ಹೊಲಿಯುವುದು. ಗೇಣುದ್ದದ ದಬ್ಬಣ, ಸುತಳಿ. ಆ ಕೈಗೆ ನನ್ನ ಸೂಜಿ ಸಿಗುತ್ತಲೇ ಇರಲಿಲ್ಲ, ಬೆರಳ ಸಂದಿಯಿಂದ ಜಾರಿ ಜಾರಿ ಬೀಳುತ್ತಿತ್ತು. ನಾನು ಗೋಡೆಗೆ ಒರಗಿ ಕೂತು ಬೈಯುತ್ತಿದ್ದೆ. "ಹೊಲಿಗಿ ಸಣ್ಣದ ಹಾಕ್ರಿ! ಅದೇನ್ ಟಾಕಿನೋ, ಕಾಲುವಿನೋ?" ಅವರು, "ನಾ ಹೊಲ್ದ ಚೀಲ ಬಿಚ್ಚಿದ್ದು ಒಂದ್ ದಿನಾನೂ ಇಲ್ಲ, ಸುಮ್ ಕೂಡು," ಎನ್ನುತ್ತಿದ್ದರು. ಗಂಡಸು ಕೌದಿ ಹೊಲಿಯುತ್ತಾನೆಂದು ನೋಡಲು ಮಕ್ಕಳು ಬಾಗಿಲಿಗೆ ಬರುತ್ತಿದ್ದವು. ಮನೆಯವರಿಗೆ ನಾಚಿಕೆಯೇ ಇರಲಿಲ್ಲ. ನನ್ನ ಹಳೇ ಇಳಕಲ್ ಸೀರೆ, ಅವರ ಧೋತರ, ಕಸ್ತೂರಿಯ ಸಣ್ಣಂದಿನ ಪರಕಾರ, ಎಲ್ಲದರ ಮೇಲೂ ಅವರ ಹೊಲಿಗೆ ಮೆಲ್ಲಗೆ ನಡುವಿಗೆ ಬರುತ್ತಿತ್ತು. ನೋಡುತ್ತ ನೋಡುತ್ತ ನನಗೆ ಈ ಮನುಷ್ಯನ ಮೇಲೆ ಮದುವೆಯ ಹೊಸದರಲ್ಲೂ ಬಾರದಷ್ಟು ಪ್ರೀತಿ ಬಂತು. ಬಾಯಿಬಿಟ್ಟು ಹೇಳಲಿಲ್ಲ. ಇನ್ನಷ್ಟು ಬೈದೆ.

ಒಂದು ಮಧ್ಯಾಹ್ನ ನಾನು ಗುಳಿಗೆಗೆಂದು ಆಸ್ಪತ್ರೆಗೆ ಹೋಗಿ ಬರುವುದರೊಳಗೆ ಕೌದಿ ಮುಗಿದಿತ್ತು. ಮುಗಿಸಿಯೇಬಿಟ್ಟಿದ್ದರು. ತುಂಬಿದ ಚೀಲದ ಬಾಯಿ ತೆರೆದಿಟ್ಟು ಏಳುವ ಅಭ್ಯಾಸ ಅವರಿಗೆ ಎಲ್ಲಿಂದ ಬರಬೇಕು? ನಡುವಿನ ಹೊಟ್ಟೆಯನ್ನು ಎರಡೆರಡು ಸಲ, ಗಂಟು ಹಾಕಿ, ಬಿಗಿದು ಹೊಲಿದಿದ್ದರು.

"ಹಸಿದ ಕೌದಿ ಆಯ್ತಲ್ರೀ!" ಎಂದು ಹಣೆ ಚಚ್ಚಿಕೊಂಡೆ. ಬಿಚ್ಚಲು ಕತ್ತರಿ ಎತ್ತಿಕೊಂಡು ಮತ್ತೆ ಕೆಳಗಿಟ್ಟೆ. ಬಿಚ್ಚಿ ಹೋಳಿಗೆ ಇಟ್ಟರೂ ಉಳಿದರ್ಧ ತಿನ್ನುವವರು ಯಾರು? ನನ್ನ ಕೈಯದು?

ಅದೇ ವಾರ ಮಹಾನಂದಾ ಬಂದಳು. ಹೇಳಿಲ್ಲ, ಕೇಳಿಲ್ಲ, ಬಗಲಲ್ಲಿ ಬುತ್ತಿ ಗಂಟು. ನಾನು ಬಾಗಿಲಿಂದ ಹಿಂದೆ ಸರಿದೆ. ಆಕೆ ನೇರ ಒಳಗೆ ಬಂದು, ನೀರು ಕುಡಿದು, ಕೌದಿ ಕಂಡವಳೇ ಬಿಡಿಸಿ ಹಾಸಿದಳು.

"ಯವ್ವಾ, ಯಾರ್ ಹೊಲ್ದಾರ್ರಿ ಇದನ್ನ?"

"ನಾನ್ರಿ," ಎಂದರು ಮನೆಯವರು.

"ಕೂಸಿಗಿ ಹೊಚ್ಚೂದೋ, ಇಲ್ಲ ತೊಗರಿ ತುಂಬೂದೋ?" ಎಂದು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕೈ ಆಡಿಸುತ್ತ ನಡುವಿಗೆ ಬಂದು ನಿಂತಳು. "ಹೊಟ್ಟಿ ತುಂಬ್ಸೀರಿಲ್ಲೋ?"

ಮನೆಯವರು ನನ್ನ ಕಡೆ ನೋಡಿದರು. ಆಕೆಗೆ ತಿಳಿಯಿತು. ಅಲ್ಲೇ ಕೂತು ಹಲ್ಲಿನಿಂದ ಗಂಟು ಕಡಿದು, ಬಯ್ಯುತ್ತ ಬಯ್ಯುತ್ತ ಆ ಬಿಗಿ ಹೊಲಿಗೆ ಬಿಚ್ಚಿದಳು. ಬುತ್ತಿಯಿಂದ ಹೋಳಿಗೆ ತೆಗೆದು ನನ್ನ ಮುಂದೆ ಹಿಡಿದಳು.

"ಮುರೀರಿ."

ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. "ನೀವೇ ಮುರೀರಿ ಬೀಗತೇರ. ನನ್ ಕೈ ಬ್ಯಾಡ."

"ಕೂಸಿನ ಕೌದಿಗಿ ತವರಮನಿ ಕೈ ಬೇಕು. ಗುಳಗಿ ತಗೊಂಡ ಮ್ಯಾಲ ಹತ್ತೂದಿಲ್ಲಂತ ಬೀಗರು ಹೇಳ್ಯಾರ. ನಾನೂ ನಮ್ಮೂರ ಡಾಕ್ಟರಿಗಿ ಕೇಳಿನೇ ಬಂದೀನಿ. ಸುಮ್ ಮುರಿ ಬೇ, ಶಾಂತಾ."

ಅಷ್ಟು ದಿನ ಬಹುವಚನ ಬಿಡದವಳು. ಮುರಿದೆ. ಅರ್ಧವನ್ನು ಹೊಟ್ಟೆಯೊಳಗೆ ಇಟ್ಟೆ. ಉಳಿದರ್ಧ ಇಡಲು ಗಂಗಾಳ ಹುಡುಕಿದೆ. ತಲೆಯೆತ್ತಿದರೆ ಆಕೆ ಬಾಯಿ ತೆರೆದು ಕೂತಿದ್ದಳು, ಕೂಸಿನ ಹಾಗೆ.

ನನ್ನ ಕೈಯಿಂದಲೇ ಇಟ್ಟೆ. ಬೆರಳಿಗೆ ಆಕೆಯ ತುಟಿ ತಗುಲಿತು. ಕಿರುಬೆರಳಿಗೆ ಗೊತ್ತಾಗಲಿಲ್ಲ, ಹೆಬ್ಬೆರಳಿಗೆ ಗೊತ್ತಾಯಿತು.

"ಬೆಲ್ಲ ಜರಾ ಕಡಿಮಿ ಆಗ್ಯಾದ," ಎಂದಳು ಅಗಿಯುತ್ತ. ತಾನೇ ಮಾಡಿದ ಹೋಳಿಗೆ! ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಮನೆಯವರು ಸೂಜಿಗೆ ದಾರ ಹಾಕುವ ನೆಪದಲ್ಲಿ ಅತ್ತ ತಿರುಗಿದರು.

ಕಸ್ತೂರಿ ಬಂದಳು. ಹೆಣ್ಣು ಕೂಸು. ಗುರುಬಾಯಿ ಬಾಗಿಲವರೆಗೆ ಬಂದು ನೋಡಿ ಹೋದಳು. ಇವತ್ತಲ್ಲ ನಾಳೆ ಒಳಗೂ ಬಂದಾಳು. ನನ್ನ ಗುಳಿಗೆ ಇನ್ನೂ ಮುಗಿದಿಲ್ಲ. ಮಚ್ಚೆ ಮಾಸುತ್ತಿದೆ. ಕಿರುಬೆರಳಿಗೆ ಸ್ಪರ್ಶ ಮರಳುವುದು ಖಾತ್ರಿಯಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಇರಲಿ.

ಕೂಸು ಆ ಕೌದಿಯ ಮೇಲೆ ಚೆನ್ನಾಗಿ ನಿದ್ದೆ ಮಾಡುತ್ತದೆ. ಎದ್ದಾಗ ಕೆನ್ನೆಯ ಮೇಲೆ ಅಜ್ಜನ ಉದ್ದುದ್ದ ಹೊಲಿಗೆಯ ಗುರುತು ಮೂಡಿರುತ್ತದೆ. ಅದನ್ನು ನಾನು ಹೆಬ್ಬೆರಳಿನಿಂದ ಸವರುತ್ತೇನೆ. ಒಂದೊಂದು ಟಾಕಿಯೂ ಗೊತ್ತಾಗುತ್ತದೆ.