ಟವೆಲ್ಲಿನ ಕೆಳಗಿನ ಮಾತು

ದಲ್ಲಾಳಿ ಮಾಮಾನ ಬಲಗೈ ಎಡಗೈಗಿಂತ ಬೆಳ್ಳಗಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಸಿಲಿಗೆ ಸುಟ್ಟ ಕಪ್ಪು, ಅಲ್ಲಿಂದ ಮುಂದೆ ಬೆರಳ ತುದಿಯವರೆಗೆ ಬೇರೆ ಯಾರದೋ ಕೈ ತಂದು ಜೋಡಿಸಿದ ಹಾಗೆ ತಿಳಿಬಣ್ಣ. ಆಯುಷ್ಯವೆಲ್ಲ ಆ ಕೈ ಟವೆಲ್ಲಿನ ಕೆಳಗೇ ಇತ್ತಲ್ಲ, ಬಿಸಿಲು ಹೇಗೆ ತಾಗಬೇಕು ಎಂದು ಊರವರು ನಗುತ್ತಿದ್ದರು. ಮಾಮಾ ಕೂಡ ನಗುತ್ತಿದ್ದರು. "ಎಡಗೈ ಬಿಸಲಾಗ ದುಡದೈತಿ, ಬಲಗೈ ನೆರಳಾಗ ಗಳಿಸೈತಿ" ಎನ್ನುತ್ತಿದ್ದರು.

ಅವರು ನನ್ನ ಸೋದರಮಾವನೇನಲ್ಲ. ಮಂಗಸೂಳಿಯಲ್ಲಿ ನಮ್ಮ ಪಕ್ಕದ ಮನೆಯವರು. ಮಿರಜಿನಿಂದ ಅಥಣಿಯವರೆಗೆ ಎಲ್ಲ ದನದ ಸಂತೆಗಳಲ್ಲಿ ಎತ್ತು ಎಮ್ಮೆ ಕೊಡಿಸುವ ದಲ್ಲಾಳಿ. ಆ ಸಂತೆಗಳಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಹೊದಿಸಿಕೊಳ್ಳುತ್ತಾನೆ, ಎದುರಿನವನು ಅದರೊಳಗೆ ಕೈ ತೂರಿಸುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸಾವಿರದ ಮಾತೋ ಲಕ್ಷದ ಮಾತೋ ಎಂಬುದನ್ನಷ್ಟೇ ಮೊದಲೇ ಬಾಯಿಬಿಟ್ಟು ಹೇಳುತ್ತಾರೆ. ಇದೆಲ್ಲ ಯಾಕೆ ಎಂದು ಸಣ್ಣವಳಿದ್ದಾಗ ಕೇಳಿದ್ದೆ.

"ಕಡಿಮಿಗಿ ಒಪ್ಪಿದಾವ ನಾಕ ಮಂದ್ಯಾಗ ಸಣ್ಣಾಂವ ಆಗಬಾರದವಾ" ಎಂದಿದ್ದರು. "ಟಾವೆಲ್ಲಿನ ಕೆಳಗಿಂದ ಅಲ್ಲೇ ಇರಬೇಕು. ಹೊರಗ ಬಂದ್ರ ದಲ್ಲಾಳಿ ಬಾಯಾಗ ಮಣ್ಣ."

ಬಸ್‌ನಿಲ್ದಾಣದ ರಸ್ತೆಗೆ ಮುಖಮಾಡಿ ನಿಂತ ನಮ್ಮ ಮನೆ ಇವತ್ತಿಗೂ ನಮ್ಮದಾಗಿ ಉಳಿದಿದ್ದರೆ ಅದು ಆ ಮಾಮಾನಿಂದ. ಅದನ್ನು ಬರೆಯುವ ಮೊದಲು ಇನ್ನೊಬ್ಬನ ಬಗ್ಗೆ ಬರೆಯಬೇಕಾಗಿದೆ. ಅವನಿಗೆ ಬಹುವಚನ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅವನು ನಮ್ಮೂರಿನ ಸಿಮೆಂಟು-ಕಬ್ಬಿಣದ ಅಂಗಡಿಯವ.

ನಮ್ಮಪ್ಪ ಬಸ್ ಕಂಡಕ್ಟರ್. ಅಕ್ಕನ ಮದುವೆಗೆ ಪತ್ತಿನ ಸಂಘದಲ್ಲಿ ಸಾಲ ಮಾಡಿದರು. ಮನೆಗೆ ಸ್ಲ್ಯಾಬ್ ಹಾಕಿಸುವಾಗ ಸಿಮೆಂಟು ಕಬ್ಬಿಣ ಉದ್ರಿ ತಂದರು. ಆ ಎರಡರ ಕಂತು ಕಟ್ಟಲು ಅವ್ವ ಮಹಿಳಾ ಗುಂಪುಗಳಿಗೆ ಸಾಲ ಕೊಡುವ ಫೈನಾನ್ಸಿನಲ್ಲಿ ಸಾಲ ತೆಗೆದಳು. ಹೀಗೆ ಒಂದು ತೂತು ಮುಚ್ಚಲು ಇನ್ನೊಂದು ಕಡೆ ಮಣ್ಣು ತೆಗೆಯುತ್ತಿರುವಾಗಲೇ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ನಾನು ಮಿರಜಿನ ಔಷಧಿ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗತೊಡಗಿದೆ. ನನ್ನ ಪಗಾರ ಯಾವ ಕಂತಿಗೂ ಪೂರಾ ಸಾಲುತ್ತಿರಲಿಲ್ಲ.

ಸಾಲ ಕೊಟ್ಟವರು ಕೇಳಲು ಬರುವುದು ತಪ್ಪಲ್ಲ. ಎಲ್ಲರೂ ಬಂದರು. ಆದರೆ ಈ ಸಿಮೆಂಟಿನವ ಬಂದದ್ದು ಅಕ್ಕನ ಕುಬಸದ ದಿನ. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ ಕೂಡಿಸಿದ್ದೆವು. ಬೀಗರ ಪಂಕ್ತಿ ಊಟಕ್ಕೆ ಕೂತಿತ್ತು. ಅವನು ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ನಿಂತ.

"ಬೀಗರಿಗೆ ಹೋಳಿಗಿ ತುಪ್ಪ ನೀಡಾಕ ರೊಕ್ಕ ಐತಿ, ನಂದ ಕೊಡಾಕ ಇಲ್ಲೇನ್ರಿ ಬಾಯಿ?" ಎಂದ. ಹೋಳಿಗೆಯ ತಾಟು ಹಿಡಿದಿದ್ದ ಅವ್ವ ಹಾಗೇ ನಿಂತಳು. ಅಕ್ಕನ ಅತ್ತೆ ಎಲೆಯಿಂದ ಕೈ ತೆಗೆದರು. ಮಂಚದ ಮೇಲಿದ್ದ ಅಪ್ಪ ಏನೋ ಹೇಳಲು ಹೋಗಿ ಬರೀ ಜೊಲ್ಲು ಸುರಿಸಿದರು. "ಆಗಂಗಿಲ್ಲಂದ್ರ ಮನಿ ಬರದ ಕೊಟ್ಟಬಿಡ್ರಿ, ಎಲ್ಲಾರಿಗೂ ಸುಖ ಆಕ್ಕೈತಿ" ಎಂದು ಹೇಳಿ ಹೋದ.

ಆ ಪಂಕ್ತಿಯ ಕೊನೆಯಲ್ಲಿ ದಲ್ಲಾಳಿ ಮಾಮಾ ಕೂತಿದ್ದರು. ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದರು. ಬೀಗರು ಹೋದ ಮೇಲೆ ಒಳಗೆ ಬಂದು ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. "ತಂಗೆವ್ವಾ, ಉಣ್ಣೂ ಪಂಗತ್ಯಾಗ ಬಂದ ಕೇಳ್ಯಾನ. ಇವನ್ನ ನಾ ನೋಡ್ಕೋತೇನಿ" ಎಂದರು. ಅವ್ವ ಅಳುತ್ತಿದ್ದಳು. ನಾನು ಅಳಲಿಲ್ಲ. ಅವನ ಅಂಗಡಿಗೆ ಬೆಂಕಿ ಬೀಳಲಿ ಎಂದು ನಮ್ಮೂರ ದೇವರು ಮಲ್ಲಯ್ಯನಿಗೆ ಹರಕೆ ಹೊತ್ತೆ. ಮಲ್ಲಯ್ಯ ಅದನ್ನು ನಡೆಸಿಕೊಡಲಿಲ್ಲ, ಅದರ ಬಗ್ಗೆ ನನಗೆ ಇನ್ನೂ ಸ್ವಲ್ಪ ಬೇಸರವಿದೆ.

ಮಾಮಾ ಮರುದಿನದಿಂದಲೇ ಕೆಲಸ ಶುರುಮಾಡಿದರು. ಮೊದಲು ಅವ್ವನನ್ನು ಕೇಳಿದರು: "ಉಂಡ ಉಟ್ಟ ತಿಂಗಳಿಗೆ ಎಷ್ಟ ಉಳೀತೈತಿ?" ಅವ್ವ ಹೇಳಿದಳು. "ಅದರಾಗ ಒಂದಿಷ್ಟ ಮನ್ಯಾಗ ಇಟ್ಕೋ. ಉಪಾಸ ಕೆಡವಿದ ಎತ್ತ ನೇಗಲಾ ಎಳ್ಯಂಗಿಲ್ಲ" ಎಂದರು. ಉಳಿದದ್ದನ್ನು ಎಲ್ಲರಿಗೂ ಅವರವರ ಬಾಕಿಗೆ ತಕ್ಕಂತೆ ಹಂಚುವುದು, ಬಡ್ಡಿ ನಿಲ್ಲಿಸಲು ಕೇಳುವುದು, ಯಾರಿಗೂ ಇನ್ನೊಬ್ಬರಿಗಿಂತ ಮೊದಲು ಕೊಡದಿರುವುದು. ಇದು ಅವರ ಯೋಜನೆ. ಎಲ್ಲರನ್ನೂ ಒಂದೇ ದಿನ ನಮ್ಮ ಅಂಗಳಕ್ಕೆ ಕರೆದರು. ಬೇರೆ ಬೇರೆ ಬಂದರೆ ಪ್ರತಿಯೊಬ್ಬನೂ ಉಳಿದವರು ತನ್ನ ಪಾಲು ನುಂಗುತ್ತಾರೆ ಎಂದುಕೊಳ್ಳುತ್ತಾನೆ ಎಂಬುದು ಅವರ ಲೆಕ್ಕ.

ಭಾನುವಾರ ಮೂವರೂ ಬಂದರು. ಪತ್ತಿನ ಸಂಘದ ಮ್ಯಾನೇಜರ್, ಫೈನಾನ್ಸಿನ ವಸೂಲಿಯವನು, ಸಿಮೆಂಟಿನವ. ಓಣಿಯ ಹಿರಿಯರೂ ಬಂದು ಕಟ್ಟೆಯ ಮೇಲೆ ಕೂತರು. ಮಾಮಾ ನೆಲದ ಮೇಲೆ ಕೂತು ಟವೆಲ್ ಬಿಚ್ಚಿ "ತಿಂಗಳ ಕಂತು, ಸಾವಿರದ ಮಾತ" ಎಂದರು.

ಮ್ಯಾನೇಜರಿಗೆ ಆ ಟವೆಲ್ ದೇವರು ಕೊಟ್ಟ ವರವಾಯಿತು. ನಾಲ್ಕು ಜನರೆದುರು ಕಂತು ಇಳಿಸಿದರೆ ನಾಳೆ ಊರೆಲ್ಲ ತನ್ನ ಬಾಗಿಲಿಗೆ ಬರುತ್ತದೆ ಎಂಬ ಹೆದರಿಕೆ ಅವರಿಗೆ. ಬಾಯಲ್ಲಿ "ಇಲ್ರಿ, ಆಗಂಗಿಲ್ರಿ" ಎನ್ನುತ್ತಲೇ ಒಳಗೆ ಎರಡು ಬೆರಳಿಗೆ ಒಪ್ಪಿದರು. ಸಾಂಗ್ಲಿ ಕಡೆಯ ಫೈನಾನ್ಸಿನವನಿಗೆ ಇದೇನೂ ಗೊತ್ತಿರಲಿಲ್ಲ. "ಹಾತ ದ್ಯಾ ಸಾಹೇಬ" ಎಂದು ಮಾಮಾ ಕೈ ಕೇಳಿದಾಗ ಅವನು ಜ್ಯೋತಿಷ್ಯ ಹೇಳುತ್ತಾರೆಂದು ಅಂಗೈ ಚಾಚಿದ. ಕಟ್ಟೆಯವರೆಲ್ಲ ನಕ್ಕರು. ಮಾಮಾ ನಗದೆ ಅವನಿಗೆ ಒಂದೊಂದೇ ಬೆರಳು ಕಲಿಸಿದರು. ಅವನು ಮೇಲಿನವರಿಗೆ ಫೋನ್ ಮಾಡಿ ಕೇಳಿ, ಮತ್ತೆ ಕೈ ತೂರಿಸಿ, ಒಪ್ಪಿದ.

ಉಳಿದವನು ಸಿಮೆಂಟಿನವ. ಹಿರಿಯರ ಕಡೆ ತಿರುಗಿ, "ನನಗ ಮನಿ ಆಶಾ ಇಲ್ಲರಿ. ನನ್ನ ರೊಕ್ಕ ನನಗ ಮುಟ್ಟಿದ್ರ ಸಾಕು. ಅವತ್ತ ಸಿಟ್ಟಿನ್ಯಾಗ ಅಂದೇನಿ" ಎಂದ. ಎಷ್ಟು ನಯವಾಗಿ ಹೇಳಿದನೆಂದರೆ ಕಟ್ಟೆಯ ಮೇಲಿನ ಒಬ್ಬರು ತಲೆಯಾಡಿಸಿದರು.

ಮಾಮಾ ಟವೆಲ್ ಹೊದಿಸಿ "ಲಕ್ಷದ ಮಾತ" ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಬಾಗಿ ಅವನ ಕಿವಿಯಲ್ಲಿ ಏನೋ ಅಂದರು. ಅವನು ಅತ್ತಿತ್ತ ನೋಡಿದ. ಟವೆಲ್ ಅಲುಗಾಡಿತು. ಮಾಮಾ ಎಡಗೈಯಿಂದ ಅವನ ಮಣಿಕಟ್ಟನ್ನು ಹಿಡಿದು ಟವೆಲ್ಲಿನ ಚುಂಗನ್ನು ಹಲ್ಲಿನಿಂದ ಕಚ್ಚಿ ಎಳೆದುಬಿಟ್ಟರು.

ಎಲ್ಲರ ಕಣ್ಣೆದುರು ಸಿಮೆಂಟಿನವನ ಮುಷ್ಟಿಯಲ್ಲಿ ಮಾಮಾನ ಮೂರು ಬೆರಳು ಇದ್ದವು.

"ನಾ ಕಿವ್ಯಾಗ ಕೇಳಿದ್ದ ಇಷ್ಟ" ಎಂದರು ಮಾಮಾ, ದನಿ ಏರಿಸದೆ. "ಮಂದಿಗೆ ಗೊತ್ತಾಗದಂಗ ಈ ಮನಿ ನಿಮಗ ಬಿಡಿಸಿಕೊಡ್ತೇನಿ, ಮನಿಗೆ ಏನ ಕೊಡ್ತೀರಿ ಅಂತ. ಮೂರ ಬೆರಳ ಹಿಡದಾರ. ನೋಡ್ಕೋರಿ."

ಮನೆ ಹೋಗಲಿ, ಅದರ ಕೆಳಗಿನ ಜಾಗಕ್ಕೇ ಮೂರು ಲಕ್ಷದ ಎಷ್ಟೋ ಪಟ್ಟು ಬರುತ್ತಿತ್ತು. ಅವನು ಕೈ ಬಿಡಿಸಿಕೊಳ್ಳಲು ಎಳೆದ, ಮಾಮಾ ಬಿಡಲಿಲ್ಲ. ಕೊಸರುವ ಹೋರಿಗಳನ್ನು ಹಿಡಿದ ಕೈ ಅದು. ಮೊದಲು ಎದ್ದು ನಿಂತವರು ಪತ್ತಿನ ಸಂಘದ ಮ್ಯಾನೇಜರ್. "ಮನಿ ನೀವ ನುಂಗಿದ್ರ ನಮ್ಮ ಬಾಕಿ ಯಾರ ಕೊಡಬೇಕ್ರಿ? ಎಲ್ಲಾರ್ದೂ ಒಂದ ಪಾಲ ಅಂತ ಕೂತೇವಿ ಇಲ್ಲೆ" ಎಂದು ಅವನ ಮೇಲೆ ಹೋದರು. ಹಿರಿಯರು ಬೈದರು. ಅವನ ಮುಖ ಹುಣಸೆಹಣ್ಣಿನಂತೆ ಕಪ್ಪಾಯಿತು. ಬಡ್ಡಿ ಬಿಟ್ಟು, ಉಳಿದವರಂತೆಯೇ ತಿಂಗಳಿಗೆ ಇಷ್ಟು ಎಂದು ಅವನೂ ಒಪ್ಪಿ ಸಹಿ ಮಾಡಿದ. ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡಿದ ಸುಖವನ್ನು ನಾನು ಯಾರಿಗೂ ಸಾಲ ಕೊಡಲಾರೆ. ಹಾಗೆ ಸುಖಪಡಬಾರದಿತ್ತು ಎಂದು ಹೇಳುವವರ ಮನೆಯ ಪಂಕ್ತಿಗೆ ಯಾರೂ ಚಪ್ಪಲಿ ಕಾಲಲ್ಲಿ ಬಂದಿರಲಿಕ್ಕಿಲ್ಲ.

ಆದರೆ ಆ ದಿನ ಮಾಮಾ ಎಳೆದದ್ದು ತಮ್ಮ ಅನ್ನದ ಮೇಲಿನ ಬಟ್ಟೆ.

ಸಿಮೆಂಟಿನವ ಸುಮ್ಮನೆ ಕೂರಲಿಲ್ಲ. ಮುಂದಿನ ಸಂತೆಗೆ ಮೊದಲೇ ಸುದ್ದಿ ತಲುಪಿಸಿದ್ದ. ಟವೆಲ್ ಎಳೆಯುವ ದಲ್ಲಾಳಿ ಅಂತೆ, ಕಿವಿಯಲ್ಲಿ ಒಂದು ಹೇಳಿ ಮಂದಿಯಲ್ಲಿ ಒಂದು ಮಾಡುತ್ತಾನಂತೆ. ಜುಗೂಳದ ರೈತರೊಬ್ಬರು ಎತ್ತು ಮಾರಲು ಬಂದಿದ್ದರು. ಎಷ್ಟೋ ವರ್ಷ ಮಾಮಾನ ಕೈಯಲ್ಲೇ ವ್ಯವಹಾರ ಮಾಡಿದವರು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು "ಇವತ್ತ ಬ್ಯಾಡ ಬಿಡ್ರಿ" ಎಂದರಂತೆ. ಅದರ ಮುಂದಿನ ವಾರವೂ ಬೇಡವಾಯಿತು. ಆಮೇಲೆ ಮಾಮಾ ಸಂತೆಗೆ ಹೋಗುವುದನ್ನೇ ಬಿಟ್ಟರು.

ನಾಲ್ಕು ಆಡು ಕಟ್ಟಿದರು. ಹಂಗಾಮಿನಲ್ಲಿ ಕಾಗವಾಡದ ಕಡೆ ದ್ರಾಕ್ಷಿ ತೋಟಗಳಿಗೆ ಹಕ್ಕಿ ಕಾಯಲು ಹೋದರು. ಸಂತೆಯಲ್ಲಿ ಜನ ಎದ್ದುನಿಂತು ನಮಸ್ಕಾರ ಹೇಳುತ್ತಿದ್ದ ಮನುಷ್ಯ, ತಗಡಿನ ಡಬ್ಬಿ ಬಡಿಯುತ್ತ ಬಳ್ಳಿಯ ಸಾಲುಗಳ ನಡುವೆ ಓಡಾಡುತ್ತಿದ್ದರು. ಅವ್ವ ಒಮ್ಮೆ ತಡೆಯಲಾರದೆ, "ನಮ್ಮ ಸಲವಾಗಿ ನಿಮ್ಮ ಹೊಟ್ಟಿ ಮ್ಯಾಲ ಬಂತಲ್ಲ ಅಣ್ಣಾ" ಎಂದಳು.

"ಮಂದಿ ಅನ್ನೂದ ಖರೇನ ಐತಿ ತಂಗೆವ್ವಾ" ಎಂದರು ಮಾಮಾ. "ನಾನಾದ್ರೂ ಅಂಥಾ ದಲ್ಲಾಳಿ ಕೈಯಾಗ ಕೈ ಕೊಡತಿದ್ದಿಲ್ಲ."

ಹಾಗಾದರೆ ಮಾಡಿದ್ದು ತಪ್ಪೇ ಎಂದು ನಾನು ಕೇಳಿದೆ. "ತಪ್ಪ" ಎಂದರು. ಬೀಡಿ ಹಚ್ಚಿಕೊಂಡು ಒಂದು ದಮ್ಮು ಎಳೆದು, "ನಾಳೆ ಮತ್ತ ಅಂವಾ ಹಂಗ ಪಂಗತ್ಯಾಗ ಬಂದ ನಿಂತ್ರ ಮತ್ತ ಎಳೀತೇನಿ" ಎಂದರು.

ನಾವು ಕಂತುಗಳನ್ನು ತೀರಿಸಿದೆವು, ಒಂದೂ ತಪ್ಪಿಸದೆ. ಕೊನೆಯದನ್ನು ಸಿಮೆಂಟಿನವನಿಗೆ ನಾನೇ ಒಯ್ದು ಕೊಟ್ಟೆ. ಕೂಡವಾ, ಚಹಾ ಕುಡಿ ಎಂದ. ಪಾವತಿ ಬರೆಸಿಕೊಂಡು ನಿಂತಕಾಲಲ್ಲೇ ಬಂದೆ. ಆಮೇಲೆ ಹಿತ್ತಲಿನಲ್ಲಿ ಬಚ್ಚಲು ಕಟ್ಟಿಸುವಾಗ ಸಿಮೆಂಟನ್ನು ಚಿಕ್ಕೋಡಿಯಿಂದ ತರಿಸಿದೆ. ಗಾಡಿ ಬಾಡಿಗೆ ಮೈಮೇಲೆ ಬಂತು. ಟೆಂಪೊ ಅವನ ಅಂಗಡಿಯ ಮುಂದಿನಿಂದಲೇ ಹಾಯ್ದು ಬರಲಿ ಎಂದು ಡ್ರೈವರನಿಗೆ ಹೇಳಿದ್ದೆ.

ಕಳೆದ ಚಳಿಗಾಲದಲ್ಲಿ ಮಾಮಾ ಹೋದರು. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಮಾಯಲಿಲ್ಲ. ಮಿರಜಿನಿಂದ ನಾನು ತರುತ್ತಿದ್ದ ಔಷಧಿಗೆ ಕೊನೆಯವರೆಗೂ ದುಡ್ಡು ಕೊಡಲು ಬರುತ್ತಿದ್ದರು. ತೆಗೆದುಕೊಳ್ಳದಿದ್ದರೆ ಸಿಟ್ಟಾಗುತ್ತಿದ್ದರು. ನಾವು ಎಲ್ಲರ ಬಾಕಿ ತೀರಿಸಿದೆವು, ಅವರದನ್ನು ತೀರಿಸಲು ಮಾತ್ರ ಅವರು ಬಿಡಲಿಲ್ಲ.

ಅವರು ಹೋದ ದಿನ ದೇಹವನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಮಾಮಾನ ಹೆಂಡತಿ, ನಾವು ಅತ್ತೆ ಎನ್ನುತ್ತಿದ್ದವರಿಗೆ, ಎದ್ದು ನಿಲ್ಲುವ ಶಕ್ತಿಯಿರಲಿಲ್ಲ. ಅವರ ಪರವಾಗಿ ಮಲ್ಲಯ್ಯನ ಭಂಡಾರದ ಅರಿಸಿನ ಪುಡಿಯ ತಟ್ಟೆ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಬಂದವರು ಒಂದು ಚಿಟಿಕೆ ತೆಗೆದುಕೊಂಡು ಮಾಮಾನ ಹಣೆಗೆ ಹಚ್ಚಿ ಕಾಲು ಮುಟ್ಟಿ ಸರಿಯುತ್ತಿದ್ದರು. ಸಂತೆಯ ದಲ್ಲಾಳಿಗಳು ಬಂದರು. ಜುಗೂಳದ ರೈತರೂ ಬಂದರು, ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಅವರಿಗೆಲ್ಲ ತಟ್ಟೆ ಹಿಡಿದೆ.

ಸಿಮೆಂಟಿನವ ಹಾರ ಹಿಡಿದುಕೊಂಡು ಬಂದ. ಹಾರವನ್ನು ಕಾಲ ಬಳಿ ಇಟ್ಟು ಭಂಡಾರಕ್ಕೆ ಕೈ ಚಾಚಿದ. ನಾನು ತಟ್ಟೆಯನ್ನು ಎದೆಗೆ ಹಿಡಿದುಕೊಂಡೆ. ಅವನು ಕೈ ಚಾಚಿಕೊಂಡೇ ನಿಂತ.

"ಕೊಡ ಬೇ" ಎಂದು ಅವ್ವ ನನ್ನ ಸೆರಗು ಜಗ್ಗಿದಳು. "ಊರ ನೋಡಾಕತ್ತೈತಿ."

"ನೋಡ್ಲಿ" ಎಂದೆ.

ಊರು ನೋಡಿತು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಂದಿಯ ನಡುವಿನಿಂದ ಹೊರಟುಹೋದ. ನಾನು ತಟ್ಟೆಯನ್ನು ಅವನ ಹಿಂದೆ ನಿಂತಿದ್ದವರಿಗೆ ಹಿಡಿದೆ.