ಸಾಲು ನಿಲ್ಲಿಸುವ ತೊಕಿಯೆ

ನವೆಂಬರ್ ಬಂತೆಂದರೆ ಬೆಳಗ್ಗೆ ಹತ್ತಕ್ಕೆಲ್ಲ ತೊಕಿಯೆಯ ಗಂಟಲು ಕಟ್ಟುತ್ತದೆ. ಎಲೆಗಳು ಕೆಂಪಾಗುವ ಕಾಲ. ಕ್ಯೋತೋ ಸ್ಟೇಷನ್ ಎದುರಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳದಿ ಅಂಗಿ ತೊಟ್ಟು, 'ಸಾಲಿನ ಕೊನೆ ಇಲ್ಲಿ' ಎಂದು ಬರೆದ ಹಲಗೆ ಎತ್ತಿ ಹಿಡಿದು ಏಳರಿಂದ ಎರಡರವರೆಗೆ ಆಕೆ ನಿಂತೇ ಇರಬೇಕು. ಕಿಯೊಮಿಜು ಗುಡಿಗೆ ಹೋಗುವವರು ಈ ಸಾಲು, ಚಿನ್ನದ ಮಂಟಪಕ್ಕೆ ಆ ಸಾಲು, ದೊಡ್ಡ ಪೆಟ್ಟಿಗೆಯವರು ದಯವಿಟ್ಟು ಲಾಕರಿನಲ್ಲಿಟ್ಟು ಬನ್ನಿ. ಇಷ್ಟೇ ಮಾತು. ಆದರೆ ಅದನ್ನು ದಿನಕ್ಕೆ ಸಾವಿರ ಸಲ ಹೇಳಬೇಕು. ರಾತ್ರಿ ನಿದ್ದೆಯಲ್ಲೂ ಹೇಳುತ್ತಾಳೆಂದು ಗಂಡ ಕೋಜೋ ದೂರುತ್ತಾನೆ.

ಅರವತ್ತೆಂಟರ ವಯಸ್ಸು. ನಾಲ್ಕು ವರ್ಷದಿಂದ ಇದೇ ಕೆಲಸ. ಹುಟ್ಟಿದ್ದು, ಬೆಳೆದದ್ದು ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಹಿಗಾಶಿ ಹೊಂಗಾನ್‌ಜಿ ಮಠದ ಮಗ್ಗುಲ ಓಣಿಯಲ್ಲಿ. ಅಪ್ಪ ಅಮ್ಮ ಅಲ್ಲಿ ಯಾತ್ರಿಕರ ಛತ್ರವೊಂದನ್ನು ನಡೆಸುತ್ತಿದ್ದರು. ಅವರು ತೀರಿದ ಮೇಲೆ ಅದು ಇವಳ ಕೈಗೆ ಬಂತು. ಯಾತ್ರಿಕರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು, ಮಾಡು ಸೋರತೊಡಗಿತು, ಕೊನೆಗೆ ಮಾರಿದಳು. ಈಗ ಅಲ್ಲೊಂದು ಏಳು ಅಂತಸ್ತಿನ ಹೋಟೆಲು ಎದ್ದಿದೆ. ಆ ಓಣಿಗೆ ಆಕೆ ಕಾಲಿಡುವುದಿಲ್ಲ. ಸಿಟ್ಟಿನಿಂದಲ್ಲ, ಅತ್ತ ಹೋಗಲು ಕೆಲಸವೇ ಬೀಳುವುದಿಲ್ಲ.

ಆ ಗುರುವಾರ ಹನ್ನೊಂದರ ಹೊತ್ತಿಗೆ ಮುದುಕಿಯೊಬ್ಬಳು ಬಂದು ಸಾಲಿನ ಪಕ್ಕದ ಬೆಂಚಿನ ಮೇಲೆ ಕೂತಳು. ಕಪ್ಪು ಕೋಟು, ಕೈಯಲ್ಲಿ ಜಪಮಣಿ, ತೊಡೆಯ ಮೇಲೆ ಬಟ್ಟೆಯ ಗಂಟು. ಬಸ್ಸುಗಳು ತುಂಬಿ ತುಂಬಿ ಹೋದವು, ಆಕೆ ಏಳಲಿಲ್ಲ. ಮಧ್ಯಾಹ್ನ ಒಂದಾದರೂ ಅಲ್ಲೇ ಇದ್ದಳು.

ಪಕ್ಕದ ಸಾಲು ನೋಡಿಕೊಳ್ಳುವ ಕುಸಕಾಬೆ ಹಿಂದೆ ಬಸ್ ಓಡಿಸುತ್ತಿದ್ದವನು, ಕೊಂಕು ಮಾತಿನವನು. "ತೊಕಿಯೆಸಾನ್, ನಿಮ್ಮ ಸಾಲಿನಲ್ಲಿ ಒಬ್ರು ಬೇರು ಬಿಟ್ಟಿದ್ದಾರೆ ನೋಡಿ," ಎಂದ.

"ಬಿಡ್ಲಿ ಬಿಡಿ. ಕೂತ್ಕೊಳ್ಳೋ ಪುಣ್ಯ ಅವರಿಗಾದ್ರೂ ಇರ್ಲಿ," ಎಂದಳು ತೊಕಿಯೆ.

ಆದರೂ ಮನಸ್ಸು ತಡೆಯದೆ ಹೋಗಿ ವಿಚಾರಿಸಿದಳು. "ಅಕ್ಕಾ, ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ರೀ," ಎಂದಳು ಮುದುಕಿ. ಬಡಗಣ ತೊಯಾಮಾ ಸೀಮೆಯ ಮಾತು; ಛತ್ರದಲ್ಲಿ ಬೆಳೆದ ತೊಕಿಯೆಗೆ ಅದರ ಎಳೆತ ಚೆನ್ನಾಗಿ ಗೊತ್ತು. "ನಮ್ಮೂರ ಮಂದಿ ಕೂಡ ಬಂದೇನಿ. ಮುಂಜಾನೆ ಮಠದ ಓತಾನಿ ಸಮಾಧ್ಯಾಗ ತೀರಿಹೋದ ನಮ್ಮ ಮನಿಯವರ ಎಲುಬಿನ ಚೂರು ಇಟ್ಟು ಬಂದ್ವಿ. ಉಳದವರೆಲ್ಲಾ ಅರಾಶಿಯಾಮಾ ಗುಡ್ಡ ನೋಡಾಕ ಹೋದ್ರು. ನನ್ನ ಕಾಲು ಕೇಳಂಗಿಲ್ರೀ. ಸಾಡೆ ನಾಕಕ್ಕ ಸ್ಟೇಷನ್ನಿನ ತೆಂಕಣ ಬಾಗಿಲಿಗೆ ಬರ್ತೀವಿ, ಕುಂತಿರು ಅಂತ ಇಳಿಸಿ ಹೋಗ್ಯಾರ."

"ಒಬ್ರನ್ನೇನಾ?"

"ನಾನಽ ಹೋಗ್ರಿ ಅಂದೆ. ಅವರರ ಯಾಕ ಕುಂದ್ರಬೇಕು?" ಬಟ್ಟೆಯ ಗಂಟನ್ನು ಸರಿಸಿಕೊಂಡು ಕೇಳಿದಳು: "ಅಲ್ರೀ ಅಕ್ಕಾರ, ಬಸ್ ಹತ್ತಲಾರದಽ ಇಲ್ಲೇ ಸನ್ಯಾಕ ನೋಡೂವಂಥದ್ದು ಏನರ ಐತೇನ್ರೀ?"

ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜನರನ್ನು ಇಲ್ಲಿಂದ ಸಾಗಹಾಕುವುದೇ ತೊಕಿಯೆಯ ಕೆಲಸ. "ಎರಡಕ್ಕೆ ನನ್ನ ಕೆಲಸ ಮುಗಿಯುತ್ತೆ. ಆಮೇಲೆ ನೋಡೋಣ," ಎಂದು ಬಾಯಿತಪ್ಪಿ ಅಂದುಬಿಟ್ಟಳು. ಅಂದ ಮರುಗಳಿಗೆಯೇ ತನ್ನನ್ನು ಬೈದುಕೊಂಡಳು. ಮನೆಗೆ ಹೋಗಿ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು ಕೂರಬೇಕೆಂದು ಬೆಳಗಿನಿಂದ ಕಾಯುತ್ತಿದ್ದವಳು.

ಎರಡೂಕಾಲರ ಹೊತ್ತಿಗೆ ಹಳದಿ ಅಂಗಿ ಕಳಚಿಟ್ಟು ಬಂದಳು. ಮುದುಕಿ ತನ್ನ ಹೆಸರು ಹೊರಿತಾ ಶಿಗೆನೊ, ವಯಸ್ಸು ಎಪ್ಪತ್ತೈದು ಎಂದಳು. ಮಠದವರೆಗೆ ನಡೆಯುವುದು ಇಬ್ಬರ ಕೈಲೂ ಆಗುವಂತಿರಲಿಲ್ಲ. ಕೊನೆಗೆ ತೊಕಿಯೆ ಸ್ಟೇಷನ್ನಿನ ಒಳಗೇ ಕರೆದುಕೊಂಡು ಹೋದಳು. ಅಲ್ಲಿ ಒಂದರ ಮೇಲೊಂದು ಓಡುವ ಮೆಟ್ಟಿಲುಗಳಿವೆ. ನಿಂತರೆ ಸಾಕು, ಅವೇ ಹೊತ್ತೊಯ್ಯುತ್ತವೆ. ನಡುದಾರಿಯಲ್ಲಿ ದೊಡ್ಡ ಸೋಪಾನದ ಒಂದು ಮೆಟ್ಟಿಲ ಮೇಲೆ ಕೂತರು. ಶಿಗೆನೊ ಗಂಟು ಬಿಚ್ಚಿ, ಕಡಲಪಾಚಿಯ ಎಳೆ ಸುತ್ತಿದ ಅನ್ನದುಂಡೆ ಒಂದನ್ನು ತೊಕಿಯೆಗೆ ಕೊಟ್ಟಳು. ಕೆಳಗೆ ಜನ ಪೆಟ್ಟಿಗೆ ಎಳೆದುಕೊಂಡು ಇರುವೆಗಳ ಹಾಗೆ ಹರಿದಾಡುತ್ತಿದ್ದರು. ಮಾತಾಡದೆ ಕೂರುವುದು ತೊಕಿಯೆಗೆ ಊಟಕ್ಕಿಂತ ಹಿತವಾಯಿತು.

ಉಂಡು ಇನ್ನೂ ಮೇಲೇರಿದರು. ಹತ್ತನೇ ಮಹಡಿಯಲ್ಲಿ ಗಾಜಿನ ಗೋಡೆಯ ಓಣಿಯೊಂದಿದೆ. ಅಲ್ಲಿಂದ ಎದುರಿಗೆ ಬಿಳಿಯ ಕ್ಯೋತೋ ಗೋಪುರ, ಎಡಕ್ಕೆ ಮಠದ ಕಪ್ಪು ಹೆಂಚಿನ ಮಾಡು, ಆಚೆ ಮಸುಕು ಗುಡ್ಡಗಳು. ಶಿಗೆನೊ ಗಾಜಿಗೆ ಹಣೆ ಹಚ್ಚಿ ಗೋಪುರವನ್ನೇ ನೋಡಿದಳು.

"ಇದನ್ನ ಒಂದು ಇಡೀ ದಿನ ನೋಡಿಕೋತ ಕುಂತಿದ್ದೆ ನಾನು. ಹಳೇ ಸ್ಟೇಷನ್ನಿನಾಗ. ಐವತ್ತೈದು ವರ್ಷಾತು," ಎಂದಳು.

"ಊರು ನೋಡೋಕೆ ಬಂದಿದ್ರಾ?"

"ಓಡಿ ಹೋಗಾಕ ಬಂದಿದ್ದೆ."

ತೊಕಿಯೆ ತಿರುಗಿ ನೋಡಿದಳು. ಶಿಗೆನೊ ಗಾಜಿನಿಂದ ಮುಖ ತೆಗೆಯದೆ ಹೇಳಿದಳು. ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅತ್ತೆಯ ಕೈಯಲ್ಲಿ ಉಸಿರು ಬಿಡಲೂ ಪುರುಸೊತ್ತಿಲ್ಲ. ಆ ಅತ್ತೆಯೇ ಮಠದ ಯಾತ್ರೆಗೆಂದು ಕರೆತಂದಿದ್ದಳು. ಒಸಾಕಾದ ನೂಲಿನ ಗಿರಣಿಯಲ್ಲಿ ಶಾಲೆಯ ಗೆಳತಿಯೊಬ್ಬಳಿದ್ದಳು. ಬಾ, ಕೆಲಸ ಕೊಡಿಸುತ್ತೇನೆ ಎಂದು ಬರೆದಿದ್ದಳು. ಎರಡನೇ ದಿನ ಬೆಳಗಿನ ಪ್ರಾರ್ಥನೆಯ ಗದ್ದಲದಲ್ಲಿ ಶಿಗೆನೊ ಗಂಟು ಹಿಡಿದು ಛತ್ರದಿಂದ ಹೊರಬಿದ್ದಳು. ಟಿಕೆಟ್ಟೂ ತೆಗೆದುಕೊಂಡಳು.

"ಒಂದು ಗಾಡಿ ಹೋತು. ಇದು ಬ್ಯಾಡ, ಮುಂದಿಂದು ಅಂದೆ. ಅದೂ ಹೋತು. ಹಿಂಗಽ ಸಂಜಿ ಆತು. ಯಾಕ ಹತ್ತಲಿಲ್ಲ ಅಂದ್ರ ಇವತ್ತಿಗೂ ತಿಳಿದಿಲ್ಲ ನನಗ. ಆಮ್ಯಾಲ ಛತ್ರದ ಹುಡುಗಿ ಹುಡಿಕ್ಕೋತ ಬಂತು. ಹದಿಮೂರೋ ಹದಿನಾಕೋ ಇರಬೇಕು. ಬಂದು ಬಾಜೂಕ ಕುಂತು, 'ಊಟ ಆರಿ ಹೋಗುತ್ತಂತೆ, ಅಮ್ಮ ಕರೀತಿದ್ದಾರೆ' ಅಂತು. ಯಾಕ, ಏನು, ಒಂದೂ ಕೇಳಲಿಲ್ಲ."

ತೊಕಿಯೆ ಇನ್ನಷ್ಟು ಹತ್ತಿರ ಸರಿದಳು. "ಯಾವ ಛತ್ರ?"

"ಎತ್ಚುಯಾ ಅಂತ. ಬಾಗಲಾಗ ಒಂದು ದಾಳಿಂಬ್ರಿ ಗಿಡ ಇತ್ತು."

ಗಿಡ ಇತ್ತು. ತೊಕಿಯೆಗೆ ಗಿಡ ನೆನಪಿತ್ತು, ಆ ಸಂಜೆ ನೆನಪಿತ್ತು; ಆ ಎಳೆಯ ಸೊಸೆಯ ಮುಖ ಮಾತ್ರ ನೆನಪಿರಲಿಲ್ಲ. ಅತ್ತೆ ದಿನವಿಡೀ ಮಠದಲ್ಲೇ ಇದ್ದಳು; ಸಂಜೆ ಕೋಣೆಯಲ್ಲಿ ಗಂಟಿಲ್ಲದ್ದನ್ನು ಅಮ್ಮ ನೋಡಿದ್ದಳು. ತೊಕಿಯೆಯನ್ನು ಹಿತ್ತಲಿಗೆ ಎಳೆದು, "ಸ್ಟೇಷನ್ನಿಗೆ ಓಡು. ಅತ್ತೆಗೆ ನಾನು ಏನಾದ್ರೂ ಹೇಳ್ತೀನಿ," ಎಂದಿದ್ದಳು. ಟಿ.ವಿ.ಯಲ್ಲಿ ನೋಡಬೇಕೆಂದಿದ್ದ ಹಾಡಿನ ಕಾರ್ಯಕ್ರಮ ತಪ್ಪಿತೆಂದು ತೊಕಿಯೆ ದಾರಿಯುದ್ದಕ್ಕೂ ಗೊಣಗಿದ್ದಳು. ಅದು ಚೆನ್ನಾಗಿ ನೆನಪಿತ್ತು.

"ವಾಪಸ್ ಬಂದಾಗ ನಿಮ್ಮತ್ತೆ ಬಾಗಿಲಲ್ಲೇ ನಿಂತಿದ್ರು," ಎಂದಳು ತೊಕಿಯೆ ಮೆಲ್ಲಗೆ. "ಸೊಸೆಗೆ ಸ್ಟೇಷನ್ ತೋರಿಸೋಕೆ ನಮ್ಮ ಹುಡುಗಿ ಕರ್ಕೊಂಡು ಹೋಗಿದ್ಲು ಅಂತ ನಮ್ಮಮ್ಮ ಹೇಳಿದ್ಲು. ಸ್ಟೇಷನ್ನಿನಲ್ಲಿ ನೋಡೋದಕ್ಕೇನು ಮಣ್ಣಿದೆ ಅಂತ ನಿಮ್ಮತ್ತೆ ಬೈದ್ರು."

ಶಿಗೆನೊ ಗಾಜು ಬಿಟ್ಟು ತಿರುಗಿದಳು. ತೊಕಿಯೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವಾ? ಆ ಹುಡುಗಿ ಕಡ್ಡಿಯಂಗ ಇತ್ತಲ್ರೀ!"

"ಆಗ ಇದ್ದೆ," ಎಂದಳು ತೊಕಿಯೆ.

ಇಬ್ಬರೂ ನಕ್ಕರು. ನಗು ಬೇಗನೆ ನಿಂತಿತು. ಶಿಗೆನೊ ಕಟಾಂಜನ ಹಿಡಿದುಕೊಂಡು, "ನಿಮಗ ಒಂದು ಹೇಳ್ಲೇನು? ಸಿಟ್ಟಿಗೇಳಬಾರದು ಮತ್ತ," ಎಂದಳು.

"ಹೇಳಿ."

"ಆ ಹುಡುಗಿ ಮ್ಯಾಲ ನಾನು ನಾಕು ವರ್ಷ ಸಿಟ್ಟು ಇಟಗೊಂಡಿದ್ದೆ. ಗದ್ದ್ಯಾಗ ನಾಟಿ ಮಾಡೂ ಮುಂದ, ಪಾತ್ರೆ ತಿಕ್ಕೂ ಮುಂದ, ಅಕಿ ಬರಲಿಲ್ಲಂದ್ರ ಮುಂದಿನ ಗಾಡಿ ಹತ್ತತಿದ್ದೆ ಅಂತ ಬೈಕೋತ ಇರತಿದ್ದೆ. ಆಮ್ಯಾಲ ಮಕ್ಕಳಾದವು. ಸಿಟ್ಟಾಗಾಕೂ ಹೊತ್ತು ಬೇಕಲ್ಲ?"

ತೊಕಿಯೆ ಗಾಜಿಗೆ ಒರಗಿ ನಿಂತಳು. ಕಾಲು ನೋಯುತ್ತಿತ್ತು. "ನನ್ನನ್ನ ಕಳಿಸಿದ್ರು, ಬಂದೆ," ಎಂದಳು. ಆ ಮಾತು ಅವಳಿಗೇ ಒಣಗಿದಂತೆ ಕೇಳಿಸಿತು. ಆಮೇಲೆ, "ತಪ್ಪು ಮಾಡಿದ್ನಾ ಅಕ್ಕಾ?" ಎಂದು ಕೇಳಿದಳು.

"ಯಾರಿಗೆ ಗೊತ್ತು? ಅಂವಾ ಕೆಟ್ಟ ಮನಶ್ಯಾ ಏನಲ್ರೀ. ಕಡೀ ವರ್ಷ ಹಾಸಿಗೀ ಹಿಡದಾಗ ಭಾಳ ಮಾತಾಡಿದ. ಐವತ್ತು ವರ್ಷದ ಬಾಕಿ ಎಲ್ಲಾ ಒಂದಽ ವರ್ಷಕ್ಕ ತೀರಿಸಿದ. ಕೇಳಿ ಕೇಳಿ ನನಗಽ ಸಾಕಾಗಿತ್ತು." ಶಿಗೆನೊ ಕಣ್ಣೊರೆಸಿಕೊಂಡಳೋ ಕನ್ನಡಕ ಸರಿಪಡಿಸಿಕೊಂಡಳೋ ತಿಳಿಯಲಿಲ್ಲ. "ಇವತ್ತು ಆ ಚೂರು ಅಲ್ಲಿಟ್ಟು ಹೊರಗ ಬಂದೆ ನೋಡ್ರಿ, ಅಳು ಬರಲಿಲ್ಲ. ಎಲ್ಲರ ಕುಂದರಬೇಕು ಅನಸ್ತು, ಅಷ್ಟಽ."

ಮೂರು ಗಂಟೆಯಾಗಿತ್ತು. ತೊಕಿಯೆ ತಟ್ಟನೆ, "ಒಸಾಕಾ ಇಲ್ಲಿಂದ ಅರ್ಧ ಗಂಟೆ. ಹೋಗಿ ಇಳಿದು ವಾಪಸ್ ಬರೋಕೆ ಹೊತ್ತಿದೆ. ಬನ್ನಿ, ನಾನೂ ಬರ್ತೀನಿ," ಎಂದಳು.

"ಅರ್ಧಽ ತಾಸು?" ಶಿಗೆನೊ ಬಾಯಿ ತೆರೆದಳು. "ನಾ ಬ್ಯಾರೆ ದೇಶ ಅಂದುಕೊಂಡಿದ್ನಲ್ಲ!" ಒಂದು ಗಳಿಗೆ ಕಣ್ಣು ಹೊಳೆಯಿತು. ಆಮೇಲೆ ತನ್ನ ಮೊಣಕಾಲನ್ನು ನೋಡಿಕೊಂಡಳು. "ಬ್ಯಾಡ ಬಿಡ್ರಿ. ಅಲ್ಲೂ ಒಂದು ಸ್ಟೇಷನ್ನಽ ಇರತೈತಿ. ಚಾ ಎಲ್ಲಿ ಸಿಗತೈತಿ ಹೇಳ್ರಿ."

ಚಹಾ ಕುಡಿದರು. ಗಾಜಿನಾಚೆ ಆ ಏಳಂತಸ್ತಿನ ಹೋಟೆಲನ್ನು ತೊಕಿಯೆ ಬೆರಳು ಮಾಡಿ ತೋರಿಸಿದಳು. "ಅದೇ ಜಾಗ," ಎಂದಳು. "ಛೇ, ಆ ಗಿಡ," ಎಂದಳು ಶಿಗೆನೊ. ಮಾರಿದ್ದೇಕೆಂದು ಆಕೆ ಕೇಳಲಿಲ್ಲ. ಅದಕ್ಕಾಗಿ ತೊಕಿಯೆ ಅವಳಿಗೆ ಮನಸ್ಸಿನಲ್ಲೇ ಕೈಮುಗಿದಳು.

ನಾಲ್ಕೂವರೆಗೆ ತೆಂಕಣ ಬಾಗಿಲಿಗೆ ಬಸ್ಸು ಬಂತು. ಊರಿನ ಮಠದ ತರುಣ ಗುರು ಇಳಿದು ಬಂದು, "ಅಜ್ಜೀ, ಬ್ಯಾಸರಾತೇನು? ಏನರ ನೋಡಿದ್ರಿ?" ಎಂದ.

"ಎಲ್ಲಾ ನೋಡಿದೆ," ಎಂದಳು ಶಿಗೆನೊ. ತೊಕಿಯೆಯ ಕೈ ಹಿಡಿದು ಗಟ್ಟಿಯಾಗಿ ಒಮ್ಮೆ ಒತ್ತಿದಳು. ಫೋನ್ ನಂಬರು ಬರೆಸಿಕೊಂಡಳು, ತನ್ನದನ್ನೂ ಬರೆದುಕೊಟ್ಟಳು. ಬಸ್ಸು ಹೊರಟಾಗ ಆಕೆ ಆಗಲೇ ಕಣ್ಣು ಮುಚ್ಚಿ ಕಿಟಕಿಗೆ ಒರಗಿದ್ದಳು.

ತೊಕಿಯೆ ಮನೆಗೆ ಹೋಗುವ ದಾರಿಯಲ್ಲಿ ತೋಫು ಕೊಂಡಳು. ಕೋಜೋ ಬಚ್ಚಲಲ್ಲಿ ನೀರು ಕಾಯಿಸಿಟ್ಟಿದ್ದ. ನಡೆದದ್ದನ್ನು ಅವನಿಗೆ ಹೇಳಲು ಬಾಯಿ ತೆರೆದಳು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಾಳೆ ಹೇಳೋಣವೆಂದುಕೊಂಡಳು. ಏಳೂವರೆಗೆಲ್ಲ ನಿದ್ದೆ ಹತ್ತಿತು.

ಮುಂದಿನ ವಾರ ಮೇಲ್ವಿಚಾರಕನ ಬಳಿ ಹೋಗಿ, ಇನ್ನು ಮೇಲೆ ವಾರಕ್ಕೆ ಐದು ದಿನ ಆಗುವುದಿಲ್ಲ, ನನಗೂ ಎಲ್ಲಾದರೂ ಕೂರಬೇಕಿದೆ, ಮೂರೇ ದಿನ ಬರುತ್ತೇನೆ ಎಂದಳು. ಈ ಎಲೆಗಳ ಕಾಲ ಮುಗಿಯಲಿ ಎಂದು ಅವನು ಗೋಗರೆದ. ಆಗಲಿ ಎಂದಳು. ಡಿಸೆಂಬರಿನಿಂದ ಮೂರೇ ದಿನ. ಶಿಗೆನೊಗೆ ಆಕೆ ಇನ್ನೂ ಫೋನ್ ಮಾಡಿಲ್ಲ, ಅತ್ತ ಕಡೆಯಿಂದಲೂ ಬಂದಿಲ್ಲ. ನಂಬರು ಬರೆದ ಚೀಟಿ ಅಡುಗೆಮನೆಯ ಗೋಡೆಯ ಮೇಲಿದೆ.