ಮಾಂಯಿ ಎಂತ ತಿಂತು?

ಉಪ್ಪು, ಅರಿಸಿನ ಏನೂ ಹಾಕದೆ ಬರೀ ನೀರಿನಲ್ಲಿ ಬೇಯಿಸಿದ ಮೀನಿನ ವಾಸನೆಯೇ ಬೇರೆ. ಅದರಲ್ಲಿ ಕಾಯಿ ಇಲ್ಲ, ಮೆಣಸಿಲ್ಲ, ಹುಳಿಯಿಲ್ಲ. ಹೊನ್ನಾವರದಲ್ಲಿ ನಾನಿರುವ ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ಕಳೆದ ವಾರ ಕೆಳಗಿನ ಮನೆಯ ಕಿಟಕಿಯಿಂದ ಆ ವಾಸನೆ ಬಂತು. ಜ್ವರ ಬಿಟ್ಟ ಮಗುವಿಗೆಂದು ಸಪ್ಪೆ ಮೀನು ಬೇಯಿಸುತ್ತಿದ್ದರಂತೆ. ಮೀನು ಮುಟ್ಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತಿದ್ದೆನೋ... ಹೊಲಿಗೆ ಅಕ್ಕೋರು ನೆನಪಾದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಕುಮಟೆಯ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ, ಕಸೂತಿ ಕಲಿಸಿ ನಿವೃತ್ತರಾದವರು. ಹನ್ನೆರಡು ಹದಿಮೂರು ವರ್ಷದ ಹಿಂದೆ ನಾನು ಅಲ್ಲಿಯ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಒಂದು ಹಂಚಿನ ಮನೆಯ ಅರ್ಧ ಭಾಗ. ಇನ್ನರ್ಧದಲ್ಲಿ ಅವರಿದ್ದರು. ನಡುವಿನ ಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ. ಅವರ ಹೊಲಿಗೆ ಯಂತ್ರದ ಸದ್ದು ನನಗೆ ಕೇಳುತ್ತಿತ್ತು, ನನ್ನ ರೇಡಿಯೋ ಅವರಿಗೆ. ಮೊದಲ ಎರಡು ತಿಂಗಳು ನಮ್ಮ ಪರಿಚಯ ಅಷ್ಟೇ. ನನಗೆ ಊರಿನಲ್ಲಿ ಬೇರೆ ಯಾರೂ ಗೊತ್ತಿರಲಿಲ್ಲ. ಪಾಠ ಮುಗಿಸಿ ಬಂದರೆ ಮರುದಿನ ಪಾಠ ಶುರುವಾಗುವವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು.

ಗೋಡೆಯಾಚೆ ಅವರು ಯಾರೊಡನೆಯೋ ಮಾತಾಡುವುದು ಮಾತ್ರ ದಿನವೂ ಕೇಳುತ್ತಿತ್ತು. ಕೊಂಕಣಿಯಲ್ಲಿ ಬೇಡುವುದು, ರಮಿಸುವುದು, ಸಣ್ಣಗೆ ಬೈಯುವುದು. ನಡುನಡುವೆ 'ಮಾಂಯಿ, ಮಾಂಯಿ' ಎಂದು ಕರೆಯುವುದು. ಮಾಂಯಿ ಎಂದರೆ ಅತ್ತೆ, ಗಂಡನ ತಾಯಿ. ಹಾಸಿಗೆ ಹಿಡಿದ ಮುದುಕಿಯೊಬ್ಬರು ಒಳಗಿರಬೇಕೆಂದು ನಾನು ತಿಳಿದಿದ್ದೆ. ಒಂದು ದಿನ ಸೀರೆಗೆ ಫಾಲ್ ಹಚ್ಚಿಸಲು ಹೋದಾಗ ನೋಡಿದರೆ ಯಂತ್ರದ ಪಕ್ಕ ಹಳೆಯ ಶಾಲಿನ ಮೇಲೆ ಒಂದು ಬೂದು ಬಣ್ಣದ ಬೆಕ್ಕು ಮಲಗಿತ್ತು. ಬೆನ್ನುಮೂಳೆ ಎಣಿಸುವಷ್ಟು ಬಡಕಲು.

"ಇದೇ ಮಾಂಯಿ," ಎಂದರು ಅಕ್ಕೋರು. "ಹದಿನೇಳು ವರ್ಷ ಆತು ನನ್ ಮೇಲೆ ದರ್ಬಾರು ಮಾಡ್ತಾ. ಮದುವೆ ಆಗ್ದೇ ಇದ್ದವಳಿಗೂ ಒಬ್ಳು ಅತ್ತೆ ಬೇಕಲ್ಲನೆ?"

ನಾನು ನಕ್ಕೆ. ಕುಮಟೆಗೆ ಬಂದ ಮೇಲೆ ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲಿರಬೇಕು.

ಆಮೇಲೆ ಸಂಜೆಗಳಲ್ಲಿ ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ಬೆಕ್ಕಿಗೆ ಉಣಿಸುವುದೆಂದರೆ ಅಕ್ಕೋರಿಗೆ ಒಂದು ತಾಸಿನ ಕೆಲಸ. ನೊಗ್ಲಿ ಎಂಬ ಬಿಳಿಯ ಮೆತ್ತನೆ ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ, ಬೆರಳಲ್ಲೇ ಹಿಟ್ಟಿನಂತೆ ನುರಿಯುತ್ತಿದ್ದರು. ತಣ್ಣಗಾದರೆ ಅದು ಮೂಸುವುದೂ ಇಲ್ಲ. ಬಟ್ಟಲನ್ನು ನೆಲದಲ್ಲಿಟ್ಟರೆ ಕುತ್ತಿಗೆ ಬಗ್ಗದು, ಹಾಗಾಗಿ ಮಣೆಯ ಮೇಲಿಡಬೇಕು. ಒಂದು ಚೂರನ್ನು ಅದರ ಮುಂಗಾಲಿಗೆ ಸವರಿದರೆ ಸ್ವಚ್ಛ ಮಾಡಿಕೊಳ್ಳುವ ನೆಪದಲ್ಲಾದರೂ ನೆಕ್ಕುತ್ತದೆ. ಆಗಲೂ ನಾವು ಅದರ ಕಡೆ ನೋಡಬಾರದು. ನೋಡಿದರೆ ಮುಖ ತಿರುಗಿಸಿ ಹೊರಟೇಬಿಡುತ್ತದೆ. ಅಕ್ಕೋರು ಗೋಡೆ ನೋಡುತ್ತಾ, ನಾನು ನನ್ನ ಕಾಲುಗುರು ನೋಡುತ್ತಾ ಕೂತಿರುತ್ತಿದ್ದೆವು. ನಾಲ್ಕು ಸಲ ನಾಲಿಗೆ ಆಡಿದ ಸದ್ದು ಕೇಳಿದರೆ ಅವರ ಮುಖದಲ್ಲಿ ಹಬ್ಬ.

ಎರಡನೆಯ ವರ್ಷದ ಬೇಸಿಗೆಯ ಕೊನೆಯಲ್ಲಿ ಭಟ್ಕಳದಿಂದ ಅವರ ತಮ್ಮ ಬಂದ. ಅಲ್ಲಿ ಅವನದೊಂದು ಬಟ್ಟೆ ಅಂಗಡಿ. ಬಂದವನು ಚಪ್ಪಲಿ ಬಿಡುವ ಮೊದಲೇ ಅಕ್ಕನ ಮೇಲೆ ರೇಗತೊಡಗಿದ್ದು ನನ್ನ ಕೋಣೆಗೂ ಕೇಳಿತು. ಅಕ್ಕೋರ ಗರ್ಭಕೋಶದಲ್ಲಿ ಗಡ್ಡೆ ಇತ್ತಂತೆ. ಮಂಗಳೂರಿನಲ್ಲಿ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದನ್ನು ಎರಡು ಸಲ ಅವರೇ ಮುಂದೂಡಿದ್ದರು. ನನಗೆ ಒಂದು ಸುಳಿವೂ ಕೊಟ್ಟಿರಲಿಲ್ಲ.

"ಒಂದು ಬೆಕ್ಕಿನ ಸಲುವಾಗಿ ಸಾಯ್ತ್ಯನೆ ನೀನು?" ಎಂದು ತಮ್ಮ ನನಗೂ ಕೇಳಲೆಂಬಂತೆ ಕನ್ನಡದಲ್ಲೇ ಕೂಗಿದ.

ಅಕ್ಕೋರು ಮೆಲ್ಲಗೆ ಅಂದರು, "ನಾ ಇಲ್ದಿದ್ರೆ ಅದು ತಿನ್ನೂದಿಲ್ಲ."

ನಾನು ಹೊರಗೆ ಬಂದು ಅವರ ಬಾಗಿಲಲ್ಲಿ ನಿಂತೆ. "ನಾ ನೋಡ್ಕಳ್ತೆ ಅಕ್ಕೋರೆ, ನೀವು ಹೋಗಿ" ಎಂದುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಮೀನು ಮುಟ್ತ್ಯನೆ?" ಎಂದು ಕೇಳಿದರು. ಮುಟ್ಟುತ್ತೇನೆ ಎಂದೆ.

ಅವರು ಹೊರಟದ್ದು ಜೂನ್ ಮೊದಲ ವಾರ. ಮೀನು ಮೊಟ್ಟೆಯಿಡುವ ಕಾಲವೆಂದು ದೊಡ್ಡ ದೋಣಿಗಳೆಲ್ಲ ದಡ ಸೇರಿದ್ದವು, ಪೇಟೆಯಲ್ಲಿ ಒಣಮೀನೇ ಹೆಚ್ಚು. ಮೂಗಿಗೆ ಸೆರಗು ಕಟ್ಟಿಕೊಂಡು ಹುಡುಕಿದೆ. ಸಿಕ್ಕಿದ ಎರಡು ನೊಗ್ಲಿ ತಂದು, ಹೇಳಿಕೊಟ್ಟ ಹಾಗೆಯೇ ಬೇಯಿಸಿದೆ. ಅಷ್ಟರಲ್ಲಿ ಮನೆಯಿಂದ ಫೋನು.

"ಎಂತ ಮಾಡ್ತೆ ಕೂಸೇ?" ಎಂದು ಅಮ್ಮ ಕೇಳಿದಳು.

"ಎಂತೂ ಇಲ್ಲೆ ಆಯಿ. ಒಲೆ ಮೇಲೆ ಹಾಲು ಇದ್ದು," ಎಂದೆ. ಆ ತಿಂಗಳ ಮೊದಲ ಸುಳ್ಳು ಅದು.

ಮಾಂಯಿ ಮೊದಲ ದಿನ ಬಟ್ಟಲ ಹತ್ತಿರವೂ ಬರಲಿಲ್ಲ. ಹೊಲಿಗೆ ಯಂತ್ರದ ಕೆಳಗೆ, ಪಾದ ಇಡುವ ಕಬ್ಬಿಣದ ಪಟ್ಟಿಯ ಮೇಲೆ ಗಲ್ಲ ಊರಿ ಬಾಗಿಲು ನೋಡುತ್ತಾ ಕೂತಿತ್ತು. ಎರಡನೆಯ ದಿನವೂ ಅಷ್ಟೇ. ನಾನು ಗೋಡೆ ನೋಡಿದೆ, ಕಾಲುಗುರು ನೋಡಿದೆ, ನನಗೆ ಬಾರದ ಕೊಂಕಣಿಯಲ್ಲಿ ಬೇಡಿದೆ. ಸಂಜೆ ಆರಕ್ಕೆ ಆಸ್ಪತ್ರೆಯಿಂದ ಅಕ್ಕೋರ ಫೋನು ಬರುತ್ತಿತ್ತು. ರಕ್ತದೊತ್ತಡ ಇಳಿಯದ್ದರಿಂದ ಆಪರೇಷನ್ ಮುಂದೆ ಹೋಗುತ್ತಿತ್ತು. ತಮ್ಮನ ಬಗ್ಗೆ, ಡಾಕ್ಟರ ಬಗ್ಗೆ ಒಂದು ಮಾತಿಲ್ಲ. ಮೊದಲ ಮಾತೇ, "ಮಾಂಯಿ ಎಂತ ತಿಂತು?"

ತಿಂದಿಲ್ಲ ಎಂದೆ. ಮರುದಿನ ತಮ್ಮ ಬೇರೆಯಾಗಿ ಫೋನ್ ಮಾಡಿ, "ನೀವು ಹಂಗೆ ಹೇಳಿದ ಮೇಲೆ ಅವಳೂ ಊಟ ಬಿಟ್ಟಳು. ಬಿಪಿ ಮತ್ತೂ ಏರಿತು. ದಯಮಾಡಿ ಹಂಗೆ ಹೇಳ್ಬೇಡಿ," ಎಂದ.

ಮೂರನೆಯ ದಿನ ಬೆಕ್ಕು ನನ್ನ ಬೆರಳಿನಿಂದ ಮೀನು ಬೆಂದ ನೀರನ್ನು ಮೂರು ಸಲ ನೆಕ್ಕಿತು. ಅದರ ನಾಲಿಗೆ ಅಷ್ಟು ಒರಟೆಂದು ನನಗೆ ಗೊತ್ತಿರಲಿಲ್ಲ. ಆ ಸಂಜೆ ಹೇಳಲು ನಿಜವಾದದ್ದೊಂದು ಇತ್ತು. ಅದನ್ನೇ ದೊಡ್ಡದು ಮಾಡಿ ಹೇಳಿದೆ.

ಐದನೆಯ ದಿನ ಪೇಟೆಯಲ್ಲಿ ಹಸಿಮೀನು ಇಲ್ಲವೇ ಇಲ್ಲ. ಕಾಲೇಜಿಗೆ ರಜೆ ಹಾಕಿ ಬಸ್ಸು ಹತ್ತಿ ಅಘನಾಶಿನಿಗೆ ಹೋದೆ. ಹೊಳೆಯ ದಂಡೆಯಲ್ಲಿ ಹೆಂಗಸೊಬ್ಬಳು ಬಲೆಯಿಂದ ಮೀನು ಬಿಡಿಸುತ್ತಿದ್ದಳು. ನಾನು ಮೀನು ಹಿಡಿದ ರೀತಿ ನೋಡಿಯೇ ಅವಳಿಗೆ ನಗು. "ನಿಮ್ಮನೇಲಿ ಯಾರು ತಿಂತ್ರು ಇದ್ನ?" ಎಂದಳು. ಬೆಕ್ಕಿಗೆ, ಹದಿನೆಂಟು ವರ್ಷದ್ದು, ಎಂದೆ. ಅವಳ ನಗು ನಿಂತಿತು. ಐದಾರು ನೊಗ್ಲಿ ಆರಿಸಿ ಕೆಸುವಿನೆಲೆಯಲ್ಲಿ ಸುತ್ತಿಕೊಟ್ಟು, "ತಿಂತದೆ ಅಂತ ಆಸೆ ಇಟ್ಕಣ್ಬೇಡ ತಂಗಿ. ನೀರಾದ್ರೂ ಕುಡ್ಸು, ಬಾಯಿ ಒಣಗ್ಬಾರ್ದು," ಎಂದಳು.

ದನದ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಮೂತ್ರಪಿಂಡ ಸೋತಿದೆ, ವಯಸ್ಸಾಯಿತು ಎಂದು ಚರ್ಮದಡಿಗೆ ಒಂದಿಷ್ಟು ಸಲೈನ್ ಹಾಕಿ ಕಳಿಸಿದರು.

ಎಂಟನೆಯ ದಿನ ಮಧ್ಯಾಹ್ನ ಪಾಠ ಮುಗಿಸಿ ಬಂದಾಗ ಮಾಂಯಿ ಯಂತ್ರದ ಕೆಳಗಿರಲಿಲ್ಲ. ನನ್ನ ಕೋಣೆಯ ಹೊಸ್ತಿಲ ಹತ್ತಿರ, ನಾನು ಕಾಲೊರೆಸುವ ಗೋಣಿಯ ಮೇಲೆ ಮಲಗಿತ್ತು. ಮುಟ್ಟಿದರೆ ಇನ್ನೂ ತುಸು ಬೆಚ್ಚಗಿತ್ತು. ಅಷ್ಟು ದೂರ ಹೇಗೆ ನಡೆದು ಬಂತೋ... ನನ್ನನ್ನು ಹುಡುಕಿಕೊಂಡು ಬಂದಿತ್ತೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಮನುಷ್ಯರ ವಾಸನೆ ಇದ್ದದ್ದು ಅಲ್ಲಿ ಮಾತ್ರ ಇರಬಹುದು. ಅದರ ಶಾಲಿನಲ್ಲೇ ಸುತ್ತಿ ಹಿತ್ತಿಲ ದಾಸವಾಳದ ಬುಡದಲ್ಲಿ ಗುಂಡಿ ತೆಗೆದೆ. ಮಳೆಗೆ ಮಣ್ಣು ಮೆತ್ತಗಾಗಿತ್ತು. ಕೈ ತೊಳೆದು ಬರುವಷ್ಟರಲ್ಲಿ ಆರು ಗಂಟೆ.

"ನಾಳೆ ಬೆಳಿಗ್ಗೆ ಆಪರೇಷನ್ ಅಂದ್ರು," ಅಕ್ಕೋರ ದನಿ ಕ್ಷೀಣವಾಗಿತ್ತು. "ಮಾಂಯಿ ಎಂತ ತಿಂತು?"

"ನೊಗ್ಲಿ, ಅಕ್ಕೋರೆ. ಬಟ್ಟಲು ಪೂರ್ತಿ ಖಾಲಿ ಮಾಡ್ತು."

"ಆತು," ಎಂದರು. "ಆತು ಮಗಾ."

ಆಪರೇಷನ್ ಸುಸೂತ್ರವಾಯಿತು. ಎರಡು ದಿನ ಬಿಟ್ಟು ಮತ್ತೆ ಆರು ಗಂಟೆಗೆ ಫೋನು ಬಂತು, ಅದೇ ಪ್ರಶ್ನೆ. ಮುಂದಿನ ಎರಡು ವಾರ ನಾನು ದಿನಕ್ಕೊಂದು ಊಟ ಕಟ್ಟಿ ಹೇಳಿದೆ. ಇವತ್ತು ಹಾಲನ್ನ, ಇವತ್ತು ಮೊಟ್ಟೆಯ ಹಳದಿ, ಇವತ್ತು ಎರಡು ನೊಗ್ಲಿ ತಿಂದು ಕಿಟಕಿಯಲ್ಲಿ ಬಿಸಿಲು ಕಾಯಿಸಿತು. ಹೊರಗೆ ಬಿಸಿಲೇ ಇರಲಿಲ್ಲ. ಫೋನ್ ಇಟ್ಟ ಮೇಲೆ ಗೋಡೆಯಾಚೆ ಯಾವ ಸದ್ದೂ ಇಲ್ಲದ ಮನೆಯಲ್ಲಿ ಒಬ್ಬಳೇ ಕೂತಿರುತ್ತಿದ್ದೆ. ಹೇಳಿದ ಸುಳ್ಳನ್ನು ನಾನೇ ಸ್ವಲ್ಪ ಹೊತ್ತು ನಂಬಿಕೊಂಡು...

ಅವರು ಮರಳಿದ ದಿನ ತಮ್ಮ ಚೀಲ ಇಳಿಸಿ ಔಷಧಿ ತರಲು ಪೇಟೆಗೆ ಹೋದ. ಏನು ಹೇಳಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅಕ್ಕೋರು ಮನೆಯ ಬೀಗ ತೆಗೆಯಲಿಲ್ಲ. ಗೋಡೆ ಹಿಡಿದುಕೊಂಡು ನೇರ ಹಿತ್ತಿಲಿಗೆ ನಡೆದರು.

"ಎಲ್ಲಿ ಹುಗ್ದ್ಯೆ?"

ನಾನು ದಾಸವಾಳದ ಕಡೆ ಕೈ ತೋರಿಸಿದೆ. ಅವರು ನಿಧಾನಕ್ಕೆ ಬಾವಿಕಟ್ಟೆಯ ಮೇಲೆ ಕೂತರು. ನನಗೆ ಅಳು ತಡೆಯಲಿಲ್ಲ. "ಯಾರು ಹೇಳಿದ್ರು?" ಎಂದೆ.

"ನೀನೇ ಹೇಳ್ದೆ. ಬಟ್ಟಲು ಪೂರ್ತಿ ಖಾಲಿ ಮಾಡ್ತು ಅಂದ್ಯಲ್ಲ. ಅದು ಬಟ್ಟಲು ಪೂರ್ತಿ ತಿಂದು ನಾಕು ವರ್ಷ ಆತನೆ."

"ಮತ್ತೆ ದಿನಾ ಎಂತಕ್ಕೆ ಕೇಳ್ತಿದ್ರಿ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆಸ್ಪತ್ರೆ ಗಂಜಿ ನಂಗೆ ಇಳೀತಿರ್ಲಿಲ್ಲ. ಆರು ಗಂಟೆಗೆ ಗಂಜಿ ತಂದಿಡ್ತಿದ್ರು. ನೀ ಅದು ತಿಂತು, ಇದು ತಿಂತು ಅಂತ ಹೇಳ್ತಿದ್ರೆ, ಕೇಳ್ತಾ ಕೇಳ್ತಾ ನಾಕು ಚಮಚೆ ತಿಂತಿದ್ದೆ. ಅದ್ಕೇ ಕೇಳ್ತಿದ್ದೆ."

ನಾವಿಬ್ಬರೂ ಅಲ್ಲೇ ಕೂತೆವು. ಹನಿ ಬೀಳತೊಡಗಿದ ಮೇಲೆ ನಾನೇ ಅವರನ್ನು ಒಳಗೆ ಕರೆದೊಯ್ದೆ.

ಮರುವರ್ಷ ನನಗೆ ಹೊನ್ನಾವರದಲ್ಲಿ ಖಾಯಂ ಕೆಲಸ ಸಿಕ್ಕಿತು. ಅಕ್ಕೋರನ್ನು ತಮ್ಮ ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿದ್ದ ತನ್ನ ಮನೆಗೆ ಕರೆದುಕೊಂಡು ಹೋದ. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ಮೂರು ವರ್ಷ ಹೋಯಿತು. ಗಡ್ಡೆ ಮತ್ತೆ ಬಂದಿದೆ ಎಂದು ತಮ್ಮ ಹೇಳಿದ ಮೇಲೆ ಒಂದು ಭಾನುವಾರ ಹೋದೆ. ಗದ್ದೆಯ ಕಡೆ ಮುಖ ಮಾಡಿದ ಜಗಲಿಯಲ್ಲಿ ಮಲಗಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಹಾಗೆಯೇ ಇತ್ತು. ನಾನು ತಂದ ಹಣ್ಣನ್ನು ಮುಟ್ಟಲಿಲ್ಲ. ಎಂತಾದ್ರೂ ಹೇಳು ಎಂದರು. ನನ್ನ ವಿದ್ಯಾರ್ಥಿಗಳ ಸುದ್ದಿ, ಕಾಪಿ ಹೊಡೆದು ಸಿಕ್ಕಿಬಿದ್ದವಳ ಸುದ್ದಿ ಹೇಳಿದೆ. ಕೇಳುತ್ತಾ ನಿದ್ದೆ ಹೋದರು. ಹೊನ್ನಾವರಕ್ಕೆ ಬಸ್ಸಿನ ಹೊತ್ತಾಗಿತ್ತು. ಎಬ್ಬಿಸಲು ಮನಸ್ಸಾಗದೆ, ಕಾಲಿಗೆ ಹೊದಿಕೆ ಎಳೆದು ಎದ್ದು ಬಂದೆ. ಹತ್ತೇ ದಿನಕ್ಕೆ ಅವರು ಹೋದ ಸುದ್ದಿ ಬಂತು.

ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ, ನಮ್ಮ ಮನೆಮಾತಿನಲ್ಲಿ 'ಬತ್ತೆ'. ಆ ಒಂದು ಮಾತು ಅವರಿಗೆ ಹೇಳದೆ ಬಂದೆ. ಬಸ್ಸು ತಪ್ಪಿದರೆ ತಪ್ಪಲಿ ಎಂದು ಅವರು ಏಳುವವರೆಗೆ ಕೂತಿದ್ದರೆ ಏನಾಗುತ್ತಿತ್ತು... ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ನಾನು ಇನ್ನೂ ಒಬ್ಬಳೇ ಇದ್ದೇನೆ. ದಿನವೂ ಬೆಳಿಗ್ಗೆ ಬೀಗ ಹಾಕುವಾಗ 'ಬತ್ತೆ' ಎಂಬ ಮಾತು ನಾಲಿಗೆಯವರೆಗೆ ಬರುತ್ತದೆ. ಒಳಗೆ ಕೇಳುವವರು ಯಾರೂ ಇಲ್ಲ. ಬೀಗ ಎಳೆದು ನೋಡಿ ಮೆಟ್ಟಿಲು ಇಳಿಯುತ್ತೇನೆ.